ಎಂಟೆಕ್, ಪಿಎಚ್‌ಡಿ, ಅಮೆರಿಕದ ಎಂಎಸ್: ಸೇರುವ ಮುಂಚೆ ಹೊರಬರುವ ಬಾಗಿಲು ನೋಡಿ

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಹಳ್ಳಿಯವಳು. ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಸಿಜಿಪಿಎ 8.4. ಈ ಸಲ ಎಂಟೆಕ್ ಪ್ರವೇಶಕ್ಕೆ ಗೇಟ್ ಪರೀಕ್ಷೆ ಬರೆದೆ, ಸಾವಿರಕ್ಕೆ 640 ಸ್ಕೋರ್ ಬಂದಿದೆ. ಕ್ಯಾಂಪಸ್‌ನಲ್ಲಿ ಒಂದು ಐಟಿ ಕಂಪನಿಯ ಕೆಲಸವೂ ಸಿಕ್ಕಿದೆ, ವರ್ಷಕ್ಕೆ 3.6 ಲಕ್ಷ. ನಮ್ಮ ಪ್ರಾಜೆಕ್ಟ್ ಅಡಿಕೆ ಒಣಗಿಸುವ ಯಂತ್ರ. ಬೇಗ ಒಣಗಲಿ ಅಂತ ಬಿಸಿ ಜಾಸ್ತಿ ಮಾಡಿದರೆ ಬೇಯಿಸಿದ ಅಡಿಕೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿಯಾಗೇ ಉಳಿಯುತ್ತಿತ್ತು. ಅದು ಯಾಕೆ ಅಂತ ಇನ್ನೂ ತಲೆ ಕೊರೆಯುತ್ತಿದೆ. ಮುಂದೆ ಓದುವ ಆಸೆ ಇದೆ. ಆದರೆ ಯಾವ ದಾರಿ ಅಂತ ಗೊತ್ತಾಗುತ್ತಿಲ್ಲ. ದಾವಣಗೆರೆಯ ಕನ್ಸಲ್ಟೆನ್ಸಿಯವರು 40 ಲಕ್ಷ ಸಾಲ ಮಾಡಿ ಅಮೆರಿಕದಲ್ಲಿ ಎಂಎಸ್ ಮಾಡಿ, ಎರಡು ವರ್ಷದಲ್ಲಿ ತೀರುತ್ತದೆ ಅನ್ನುತ್ತಾರೆ. ಅಪ್ಪ ಇರುವ ಎರಡು ಎಕರೆ ತೋಟ ಅಡ ಇಡಲು ತಯಾರಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಎಂಟೆಕ್ ಮಾಡಿದರೆ ಲೆಕ್ಚರರ್ ಆಗಬಹುದು ಅಷ್ಟೇ ಅಂತ ನಮ್ಮ ಮಾವ. ಪಿಎಚ್‌ಡಿ ಅಂದರೆ ಆರೇಳು ವರ್ಷ ಬೇಕು, ಮದುವೆ ವಯಸ್ಸು ಮೀರುತ್ತೆ ಅಂತ ಅಜ್ಜಿ. ನೇರ ಪಿಎಚ್‌ಡಿ, ಎಂಟೆಕ್ ರಿಸರ್ಚ್ ಅಂತೆಲ್ಲ ಕೇಳಿದ್ದೇನೆ, ವ್ಯತ್ಯಾಸ ತಿಳಿಯದು. ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ತಪ್ಪು ಕೋರ್ಸ್ ಹಿಡಿದು ವರ್ಷಗಳು ಹಾಳಾದರೆ ಅನ್ನುವುದು ಒಂದು. ಅಪ್ಪನ ತೋಟ ಇನ್ನೊಂದು. ವಯಸ್ಸು, ಮದುವೆ ಮತ್ತೊಂದು. ಮೂರನ್ನೂ ಒಟ್ಟಿಗೆ ಹೊತ್ತುಕೊಂಡರೆ ಯಾರಿಗೂ ನಿದ್ದೆ ಬರುವುದಿಲ್ಲ. ಬಿಡಿಸಿ ನೋಡೋಣ.

ಎಂಜಿನಿಯರಿಂಗ್ ಪಾಠ ಮಾಡಲು ಶುರುಮಾಡಿ ನನಗೆ 22 ವರ್ಷ ಆಯಿತು. ಎಂಟೆಕ್, ಪಿಎಚ್‌ಡಿ ಸಂದರ್ಶನ ಸಮಿತಿಗಳಲ್ಲಿ ತುಂಬ ಸಲ ಕೂತಿದ್ದೇನೆ. ಬರುವ ಮಕ್ಕಳೆಲ್ಲ ಕೇಳುವುದು ಒಂದೇ: "ಸರ್, ಯಾವುದು ದೊಡ್ಡದು?" ಆ ಪ್ರಶ್ನೆಗೆ ಉತ್ತರ ಸಿಕ್ಕಿದರೂ ಪ್ರಯೋಜನ ಇಲ್ಲ. ನಾನು ಅವರಿಗೆ ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಆ ದಾರಿಯಲ್ಲಿ ಬೆಳಗಾದರೆ ನೀವು ಮಾಡುವ ಕೆಲಸ ಏನು? ನಡುವೆ ಬೇಡ ಅನ್ನಿಸಿದರೆ ಕೈಯಲ್ಲಿ ಏನು ಉಳಿಯುತ್ತದೆ? ಎರಡನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಎಲ್ಲರೂ ಒಳಗೆ ಹೋಗುವ ಬಾಗಿಲನ್ನೇ ನೋಡುತ್ತಾರೆ, ಹೊರಬರುವ ಬಾಗಿಲನ್ನು ನೋಡುವುದಿಲ್ಲ. ಸಾಲ ಮಾಡಿ ಓದುವವರು ಮೊದಲು ನೋಡಬೇಕಾದದ್ದು ಅದನ್ನೇ.

ನಿಮ್ಮ ಮಾವನ ಮಾತಿನಿಂದ ಶುರು ಮಾಡುತ್ತೇನೆ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದಕ್ಕೊಂದು ಕಾರಣ ಇದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ನಿಯಮದ ಪ್ರಕಾರ ಎಂಟೆಕ್ ಬೇಕು. ನಮ್ಮ ರಾಜ್ಯದಲ್ಲಿ ಊರಿಗೊಂದು ಕಾಲೇಜು ಬಂದಾಗ ಸಾವಿರಾರು ಜನ ಆ ಕೆಲಸಕ್ಕೆಂದೇ ಎಂಟೆಕ್ ಮಾಡಿದರು. ಕಾಲೇಜುಗಳೂ ಅದಕ್ಕೆ ತಕ್ಕಂತೆ ಸೀಟು ತೆರೆದವು. ಆ ಕಾಲದ ಎಂಟೆಕ್ ಎಷ್ಟೋ ಕಡೆ ಒಂದು ಸರ್ಟಿಫಿಕೇಟ್ ಮಾತ್ರ ಆಗಿತ್ತು. ನಿಮ್ಮ ಮಾವ ಕಂಡಿರುವುದು ಅದನ್ನು. ನಿಮ್ಮ ಮುಂದಿರುವ ಎಂಟೆಕ್ ಬೇರೆ. ಹೆಸರು ಒಂದೇ ಆದ್ದರಿಂದ ಗೊಂದಲ.

ಈಗ ಎಂಟೆಕ್ ಅನ್ನುವ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಓದುಗಳಿವೆ. ಮೊದಲನೆಯದು, ಗೇಟ್ ಇಲ್ಲದೆ, ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮೂಲಕವೋ ಮ್ಯಾನೇಜ್‌ಮೆಂಟ್ ಸೀಟಿನಲ್ಲೋ ಸೇರುವುದು. ಇದರಲ್ಲಿ ಸ್ಟೈಪೆಂಡ್ ಇಲ್ಲ. ನಿಮಗೆ ಇದು ಬೇಡ. ಎರಡನೆಯದು ಐಐಟಿ, ಎನ್‌ಐಟಿ, ಐಐಎಸ್‌ಸಿಗಳ ಸಾಮಾನ್ಯ ಎಂಟೆಕ್. ಎರಡು ವರ್ಷ. ಮೊದಲ ವರ್ಷ ಮೈತುಂಬ ಕೋರ್ಸು, ಎರಡನೇ ವರ್ಷ ಪ್ರಾಜೆಕ್ಟು ಮತ್ತು ಕ್ಯಾಂಪಸ್ ಸಂದರ್ಶನ. ಗೇಟ್ ಸ್ಕೋರ್ ಇದ್ದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಮೂರನೆಯದು ಎಂಟೆಕ್ ರಿಸರ್ಚ್. ಐಐಟಿ ಮದ್ರಾಸ್‌ನಂಥ ಕಡೆ ಇದಕ್ಕೆ ಎಂಎಸ್ ಅನ್ನುತ್ತಾರೆ. ಇದರಲ್ಲಿ ಕೋರ್ಸುಗಳು ಕಡಿಮೆ. ಒಬ್ಬ ಗೈಡ್, ಒಂದು ಲ್ಯಾಬು, ಒಂದು ಪ್ರಶ್ನೆ, ಕೊನೆಗೆ ಒಂದು ಪ್ರಬಂಧ. ಕಾಗದದ ಮೇಲೆ ಎರಡು ವರ್ಷದ ಸುತ್ತಮುತ್ತ, ನಿಜದಲ್ಲಿ ಎರಡೂವರೆ, ಮೂರು ಆಗುವುದು ಸಾಮಾನ್ಯ.

ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ನಿಮ್ಮ ಅಡಿಕೆ ಯಂತ್ರದಲ್ಲೇ ಇದೆ. ಅದನ್ನು ಇಟ್ಟುಕೊಂಡೇ ಹೇಳುತ್ತೇನೆ.

ಬೇಯಿಸಿದ ಅಡಿಕೆಯಲ್ಲಿ ಮೊದಲು ಹೊರಮೈಯ ನೀರು ಸುಲಭವಾಗಿ ಆರುತ್ತದೆ. ಆಮೇಲೆ ಒಳಗಿನ ನೀರು ಮೇಲಕ್ಕೆ ನಡೆದು ಬರಬೇಕು. ಆ ನಡಿಗೆ ನಿಧಾನ. ನೀವು ಗಾಳಿಯನ್ನು ತುಂಬ ಬಿಸಿ ಮಾಡಿದರೆ, ಒಳಗಿನ ನೀರು ಬಂದು ಸೇರುವುದಕ್ಕಿಂತ ಬೇಗ ಹೊರಪದರ ಒಣಗುತ್ತದೆ. ಒಣಗಿದ ಪದರ ಕುಗ್ಗಿ ಗಟ್ಟಿಯಾಗುತ್ತದೆ. ನೀರು ಬರುವ ದಾರಿಯೇ ಮುಚ್ಚಿಹೋಗುತ್ತದೆ. ಹಣ್ಣು, ತರಕಾರಿ, ಮರದ ಹಲಗೆ ಎಲ್ಲದರಲ್ಲೂ ಕಾಣುವ ತೊಂದರೆ ಇದು. ಹಾಗಾದರೆ ಯಾವ ಹೊತ್ತಿನಲ್ಲಿ ಎಷ್ಟು ಬಿಸಿ, ಎಷ್ಟು ತೇವದ ಗಾಳಿ ಕೊಟ್ಟರೆ ದಾರಿ ಮುಚ್ಚುವುದಿಲ್ಲ? ಇದು ಅಡಿಕೆಯ ಒಳರಚನೆಗೆ, ಗಾತ್ರಕ್ಕೆ, ಬೇಯಿಸಿದ ರೀತಿಗೆ ತಕ್ಕಂತೆ ಬದಲಾಗುತ್ತದೆ.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ಪ್ರಾಜೆಕ್ಟ್ ಮುಗಿದ ಮೇಲೆ ನಿಮ್ಮ ತಲೆಯಲ್ಲಿ ಉಳಿದದ್ದು ಯಾವುದು? "ಇದನ್ನು ಇನ್ನೂ ಚೆನ್ನಾಗಿ ವಿನ್ಯಾಸ ಮಾಡಬೇಕು, ಕಂಪ್ಯೂಟರ್‌ನಲ್ಲಿ ಗಾಳಿಯ ಹರಿವು ಲೆಕ್ಕ ಹಾಕುವುದನ್ನು ಸರಿಯಾಗಿ ಕಲಿಯಬೇಕು, ಒಳ್ಳೆಯ ಕಂಪನಿಯಲ್ಲಿ ಇಂಥ ಕೆಲಸ ಮಾಡಬೇಕು" ಅನ್ನಿಸಿದ್ದರೆ ಸಾಮಾನ್ಯ ಎಂಟೆಕ್ ಸರಿ. "ಆ ಪದರ ಯಾವ ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಅದನ್ನು ಅಳೆಯುವುದು ಹೇಗೆ" ಅಂತ ಅನ್ನಿಸಿದ್ದರೆ, ಅದು ಸಂಶೋಧನೆಯ ಹಸಿವು. ನೀವು ಪತ್ರದಲ್ಲಿ ಬರೆದದ್ದು ಎರಡನೆಯದು. ಸಂಬಳದ ವಿಷಯ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅಡಿಕೆಗೆ ಮೂರು ಸಾಲು ಕೊಟ್ಟಿದ್ದೀರಿ. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ಸಂದರ್ಶನದಲ್ಲಿ ನಾವು ಹುಡುಕುವುದು ಇಂಥದ್ದನ್ನೇ.

ಆದರೂ ಒಂದು ಪ್ರಾಜೆಕ್ಟ್‌ನ ಕುತೂಹಲ ನೋಡಿ ಐದು ವರ್ಷ ಒಪ್ಪಿಸಿಬಿಡಿ ಅಂತ ಹೇಳಲಾರೆ. ಸಂಶೋಧನೆಯ ದಿನಚರಿ ಬೇರೆಯೇ. ಒಂದು ಸೆನ್ಸರ್ ಸರಿಯಾಗಿ ಅಳೆಯುತ್ತಿಲ್ಲ ಅಂತ ಗೊತ್ತಾಗುವುದಕ್ಕೆ ಎರಡು ತಿಂಗಳು ಹೋಗುತ್ತದೆ. ಬರೆದ ಲೇಖನ ವಾಪಸ್ ಬರುತ್ತದೆ. ನಿಮ್ಮ ಜೊತೆ ಬಿಇ ಮುಗಿಸಿದವರು ಕಾರು ಕೊಂಡಾಗ ನೀವಿನ್ನೂ ಹಾಸ್ಟೆಲ್‌ನಲ್ಲಿ ಇರುತ್ತೀರಿ. ಇದನ್ನು ತಡೆದುಕೊಳ್ಳುವುದು ಬುದ್ಧಿಗೆ ಸಂಬಂಧಿಸಿದ್ದಲ್ಲ, ಸ್ವಭಾವಕ್ಕೆ ಸಂಬಂಧಿಸಿದ್ದು. ತುಂಬ ಚುರುಕಾದವರು ಬಿಟ್ಟುಹೋದದ್ದನ್ನು ಕಂಡಿದ್ದೇನೆ. ಸಾಧಾರಣ ಅಂಕದವರು ಗಟ್ಟಿಯಾಗಿ ನಿಂತದ್ದನ್ನೂ ಕಂಡಿದ್ದೇನೆ.

ಅದಕ್ಕೇ ಎಂಟೆಕ್ ರಿಸರ್ಚ್ ಅನ್ನುವ ದಾರಿ ನನಗೆ ಇಷ್ಟ. ಅದಕ್ಕೆ ಎರಡೂ ಕಡೆ ಬಾಗಿಲಿದೆ. ಸೇರಿ ಒಂದು ವರ್ಷ, ಒಂದೂವರೆ ವರ್ಷ ಆದಮೇಲೆ ಸಂಶೋಧನೆ ಒಗ್ಗಿತು ಅನ್ನಿಸಿದರೆ ಅದನ್ನೇ ಪಿಎಚ್‌ಡಿಗೆ ಬದಲಾಯಿಸಿಕೊಳ್ಳಲು ಐಐಎಸ್‌ಸಿಯಲ್ಲೂ ಹಲವು ಐಐಟಿಗಳಲ್ಲೂ ಅವಕಾಶ ಇದೆ. ಒಗ್ಗಲಿಲ್ಲ ಅಂದರೆ ಪ್ರಬಂಧ ಬರೆದು ಸ್ನಾತಕೋತ್ತರ ಪದವಿ ಹಿಡಿದು ಗೌರವದಿಂದ ಹೊರಬರಬಹುದು. ನಷ್ಟ ಅಂದರೆ ಕ್ಯಾಂಪಸ್ ಸಂದರ್ಶನಕ್ಕೆ ಸಾಮಾನ್ಯ ಎಂಟೆಕ್‌ನವರಷ್ಟು ಸಲೀಸಾಗಿ ಸಮಯ ಹೊಂದುವುದಿಲ್ಲ. ಪ್ರಬಂಧ ಎಳೆದರೆ ಆರು ತಿಂಗಳು ಜಾಸ್ತಿ ಹೋಗಬಹುದು.

ನೇರ ಪಿಎಚ್‌ಡಿ ಅಂದರೆ ಎಂಟೆಕ್ ಮಾಡದೆ ಬಿಇ ಆದಮೇಲೆ ಸೇರುವುದು. ಐದರಿಂದ ಆರು ವರ್ಷ. ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. 2023ರಿಂದ ಈ ದರ ಇದೆ. ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 24 ಲಕ್ಷ. ಹಾಸ್ಟೆಲ್, ಮೆಸ್, ಫೀಸು ಇದರಲ್ಲೇ ಹೋಗಬೇಕು. ಆದರೂ ಮನೆಯಿಂದ ದುಡ್ಡು ತರಿಸಬೇಕಾಗಿಲ್ಲ. ಕೆಲವು ಸಲ ಫೆಲೋಶಿಪ್ ಎರಡು ಮೂರು ತಿಂಗಳು ತಡವಾಗುವುದೂ ಉಂಟು, ಅದಕ್ಕೆ ಸ್ವಲ್ಪ ಕೈಗಾಸು ಇರಲಿ. ನಡುವೆ ಬಿಡಬೇಕಾದರೆ ಹಲವು ಸಂಸ್ಥೆಗಳು ಸ್ನಾತಕೋತ್ತರ ಪದವಿ ಕೊಟ್ಟು ಕಳಿಸುತ್ತವೆ. ಆದರೆ ನಿಯಮ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಸೇರುವ ಮುಂಚೆ ಆ ನಿಯಮವನ್ನು ಓದಿ. ಸೇರಿ ಮೂರು ವರ್ಷ ಆದಮೇಲೆ ಓದಿದವರ ಕಣ್ಣೀರು ನಾನು ನೋಡಿದ್ದೇನೆ.

ಪಿಎಚ್‌ಡಿ ಮುಗಿದಮೇಲೆ ಏನು ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಐಐಟಿ ಮಟ್ಟದಲ್ಲಿ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಆದಮೇಲೂ ಎರಡು ಮೂರು ವರ್ಷದ ಪೋಸ್ಟ್‌ಡಾಕ್, ಅಂದರೆ ತಾತ್ಕಾಲಿಕ ಸಂಶೋಧನಾ ಕೆಲಸ, ಮಾಡುವುದು ರೂಢಿ. ಅಂಥ ಕೆಲಸಗಳು ಕಡಿಮೆ, ಕಾಯುವವರು ಜಾಸ್ತಿ. ಪಿಎಚ್‌ಡಿ ಅಂದರೆ ಪಾಠ ಮಾಡುವುದಕ್ಕೆ ಮಾತ್ರ ಅನ್ನುವುದೂ ತಪ್ಪು. ಬೆಂಗಳೂರಿನಲ್ಲೇ ವಿಮಾನ ಸಂಶೋಧನೆಯ ಎನ್‌ಎಎಲ್ ಇದೆ, ವಿಮಾನದ ಎಂಜಿನ್ ಮೇಲೆ ಕೆಲಸ ಮಾಡುವ ಡಿಆರ್‌ಡಿಒದ ಜಿಟಿಆರ್‌ಇ ಇದೆ. 2000ದಲ್ಲಿ ಜಿಇ ಕಂಪನಿ ವೈಟ್‌ಫೀಲ್ಡ್‌ನಲ್ಲಿ ತನ್ನ ತಂತ್ರಜ್ಞಾನ ಕೇಂದ್ರ ತೆರೆದ ಮೇಲೆ ಬೇರೆ ದೊಡ್ಡ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳೂ ಬಂದಿವೆ. ಇವುಗಳಿಗೆ ಶಾಖ, ಹರಿವು, ಒತ್ತಡ ಲೆಕ್ಕ ಹಾಕುವವರು ಬೇಕು. ಆದರೆ ಇಂಥ ಕಡೆ ಹೆಚ್ಚಿನ ಹುದ್ದೆಗಳಿಗೆ ಒಳ್ಳೆಯ ಎಂಟೆಕ್ ಸಾಕು, ಪಿಎಚ್‌ಡಿ ಕೇಳುವ ಹುದ್ದೆಗಳು ಬೆರಳೆಣಿಕೆ. ಆದ್ದರಿಂದ ಬರೀ ಸಂಬಳಕ್ಕಾಗಿ ಪಿಎಚ್‌ಡಿ ಮಾಡಬೇಡಿ.

ಇನ್ನೊಂದು ವಿಷಯ. ನೀವು ಮೆಕ್ಯಾನಿಕಲ್ ವಿಭಾಗವನ್ನೇ ನೋಡುತ್ತಿದ್ದೀರಿ ಅನ್ನಿಸುತ್ತದೆ. ಒಣಗಿಸುವ ವಿದ್ಯೆ ಎಲ್ಲೆಲ್ಲೋ ಹಂಚಿಹೋಗಿದೆ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರ ಸಂಸ್ಕರಣೆ ಮೇಲೆ ಕೆಲಸ ಮಾಡುತ್ತಿದೆ. ಅಲ್ಲಿ ಪಿಎಚ್‌ಡಿಯೂ ಮಾಡಬಹುದು. ಐಐಟಿ ಖರಗ್‌ಪುರದಲ್ಲಿ ಕೃಷಿ ಮತ್ತು ಆಹಾರ ಎಂಜಿನಿಯರಿಂಗ್ ವಿಭಾಗವೇ ಇದೆ. ಐಐಎಸ್‌ಸಿಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ಅಸ್ತ್ರ ಒಲೆ ಅಂತ ನಿಮ್ಮ ಅಜ್ಜಿಗೆ ನೆನಪಿರಬಹುದು, ಕೇಳಿ ನೋಡಿ. ಆ ಕೇಂದ್ರ ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿ ಮುಂದುವರಿದಿದೆ. ಅಡಿಕೆಯ ಬಗ್ಗೆಯೇ ಸಂಶೋಧನೆ ಮಾಡುವ ಸಿಪಿಸಿಆರ್‌ಐ ಕೇಂದ್ರ ವಿಟ್ಲದಲ್ಲಿದೆ. ವಿಭಾಗದ ಹೆಸರಿನಿಂದ ಹುಡುಕಬೇಡಿ. ನಿಮ್ಮ ಪ್ರಶ್ನೆಯನ್ನು ಹಿಡಿದು, ಅದರ ಮೇಲೆ ಯಾರು ಕೆಲಸ ಮಾಡುತ್ತಿದ್ದಾರೆ ಅಂತ ಹುಡುಕಿ. ಕೆಮಿಕಲ್ ವಿಭಾಗದಲ್ಲೂ ಅಂಥವರು ಸಿಗುತ್ತಾರೆ.

ಯಾಕೆಂದರೆ ಸಂಶೋಧನೆಯ ದಾರಿಯಲ್ಲಿ ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನಾನು ಪಿಎಚ್‌ಡಿಗೆ ಸೇರುವಾಗ ಗೈಡ್ ಆರಿಸಿದ್ದು ಅವರ ಹೆಸರು, ಪ್ರಶಸ್ತಿ ನೋಡಿ. ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರನ್ನೂ ಮಾತಾಡಿಸಿರಲಿಲ್ಲ. ಕೊಟ್ಟ ಬರಹ ಓದಲು ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ತಿಂಗಳುಗಟ್ಟಲೆ ಬಾಗಿಲ ಹತ್ತಿರ ಕಾದೆ. ಎರಡನೇ ವರ್ಷದ ಕೊನೆಗೆ ಗೈಡ್ ಬದಲಾಯಿಸಿದೆ. ವಿಷಯವನ್ನೂ ಬದಲಾಯಿಸಬೇಕಾಯಿತು. ಹದಿನಾಲ್ಕು ತಿಂಗಳು ಹೋದವು. ಎರಡನೆಯ ಗೈಡ್ ಅಷ್ಟೇನೂ ಹೆಸರುವಾಸಿ ಅಲ್ಲ. ಆದರೆ ಪ್ರತಿ ಗುರುವಾರ ಮಧ್ಯಾಹ್ನ ನನ್ನ ಜೊತೆ ಒಂದು ಗಂಟೆ ಕೂರುತ್ತಿದ್ದರು. ನಾನು ಇವತ್ತು ಇಲ್ಲಿರುವುದು ಆ ಗುರುವಾರಗಳಿಂದ.

ಹಾಗಾಗಿ ಯಾವ ಲ್ಯಾಬಿಗೆ ಸೇರುವ ಮುಂಚೆಯೂ ಅಲ್ಲಿರುವ ಇಬ್ಬರು ವಿದ್ಯಾರ್ಥಿಗಳಿಗೆ ಮೇಲ್ ಮಾಡಿ, ಆಮೇಲೆ ಫೋನಿನಲ್ಲಿ ಮಾತಾಡಿ. ಬರೆದು ಕೊಡದ್ದನ್ನು ಜನ ಫೋನಿನಲ್ಲಿ ಹೇಳುತ್ತಾರೆ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ಎಷ್ಟು ಜನ ನಡುವೆ ಬಿಟ್ಟರು, ಈಗ ಎಲ್ಲಿದ್ದಾರೆ ಅಂತ ಕೇಳಿ. ಗೈಡ್ ವಾರಕ್ಕೆ ಎಷ್ಟು ಸಲ ಸಿಗುತ್ತಾರೆ, ಹೆಣ್ಣುಮಕ್ಕಳು ಆ ಲ್ಯಾಬಿನಲ್ಲಿ ರಾತ್ರಿ ಕೆಲಸ ಮಾಡಬೇಕಾದರೆ ವ್ಯವಸ್ಥೆ ಹೇಗಿದೆ ಅಂತಲೂ ಕೇಳಿ. ಸಂಕೋಚ ಬೇಡ. ಐದು ವರ್ಷ ಬಾಳುವ ಮನೆ ಅದು.

ಈಗ ಅಪ್ಪನ ತೋಟ.

40 ಲಕ್ಷಕ್ಕೆ ಶೇಕಡಾ 10.5 ಬಡ್ಡಿ ಅಂತ ಇಟ್ಟುಕೊಳ್ಳಿ, ಹತ್ತು ವರ್ಷದಲ್ಲಿ ತೀರಿಸುವುದು. ತಿಂಗಳ ಕಂತು ಸುಮಾರು 54 ಸಾವಿರ. ಇದು ಮೊದಲ ದಿನದಿಂದಲೇ ಕಟ್ಟಿದರೆ. ಓದುವ ಎರಡು ವರ್ಷ, ಕೆಲಸ ಹುಡುಕುವ ಆರು ತಿಂಗಳು ಕಂತು ಕಟ್ಟದೆ ಬಿಟ್ಟರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಆ ಬಡ್ಡಿಯೇ 10 ಲಕ್ಷದ ಹತ್ತಿರ ಆಗಬಹುದು. ಹಣ ಕಂತಿನಲ್ಲಿ ಬಿಡುಗಡೆ ಆಗುವುದರಿಂದ ಸ್ವಲ್ಪ ಕಡಿಮೆ ಆದೀತು. ಆಗ ಕಂತು 65 ಸಾವಿರ ದಾಟುತ್ತದೆ. ಅಮೆರಿಕದಲ್ಲಿ ಒಳ್ಳೆಯ ಕೆಲಸ ಸಿಕ್ಕರೆ ಇದು ಕಷ್ಟ ಅಲ್ಲ. ನಿಜವಾಗಿ ಎರಡು ಮೂರು ವರ್ಷದಲ್ಲಿ ತೀರಿಸಿದವರಿದ್ದಾರೆ. ಕನ್ಸಲ್ಟೆನ್ಸಿಯವರು ನಿಮಗೆ ತೋರಿಸುವುದು ಅವರನ್ನು. ಕೆಲಸ ಸಿಗದೆ ವಾಪಸ್ ಬಂದರೆ ಇಲ್ಲಿಯ ಸಂಬಳದಲ್ಲಿ 65 ಸಾವಿರ ಕಟ್ಟಬೇಕು. ಆ ದಾರಿಯಲ್ಲಿ ಹೊರಬರುವ ಬಾಗಿಲೇ ಇಲ್ಲ. ನನ್ನ ಆತಂಕ ಇದೇ.

ಕೆಲಸ ಸಿಗುವುದು ಕೂಡ ಬರೀ ನಿಮ್ಮ ಪ್ರತಿಭೆಯ ಮೇಲೆ ನಿಂತಿಲ್ಲ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಅಲ್ಲಿ ಓದು ಮುಗಿದಮೇಲೆ ಒಟ್ಟು ಮೂರು ವರ್ಷದವರೆಗೆ ಕೆಲಸ ಮಾಡಲು ಒಪಿಟಿ ಅನುಮತಿ ಸಿಗುತ್ತದೆ. ಆಮೇಲೆ ಎಚ್-1ಬಿ ವೀಸಾ ಬೇಕು. ಅದಕ್ಕೆ ವರ್ಷಕ್ಕೆ 85,000 ಮಿತಿ, ಅರ್ಜಿ ಅದಕ್ಕಿಂತ ಎಷ್ಟೋ ಪಟ್ಟು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಅಲ್ಲಿಯ ಸರ್ಕಾರ ಘೋಷಿಸಿತು. ಅಲ್ಲೇ ಓದುತ್ತಿದ್ದು ವೀಸಾ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಅಂತ ಆಮೇಲೆ ಸ್ಪಷ್ಟ ಮಾಡಿತು. ಒಂದೇ ತಿಂಗಳಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತು ಅಂತ ನನಗೆ ಗೊತ್ತು, ನನ್ನ ಹಳೆಯ ವಿದ್ಯಾರ್ಥಿಗಳೇ ರಾತ್ರಿ ಫೋನ್ ಮಾಡುತ್ತಿದ್ದರು. ಮೆಕ್ಯಾನಿಕಲ್‌ನವರಿಗೆ ಇನ್ನೊಂದು ತೊಡಕು. ವಿಮಾನ, ರಕ್ಷಣೆಗೆ ಸಂಬಂಧಿಸಿದ ಎಷ್ಟೋ ಕೆಲಸಗಳಿಗೆ ಅಲ್ಲಿಯ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು.

ಅಡಮಾನದ ಬಗ್ಗೆ ಒಂದು ಮಾತು. ಹೆಚ್ಚಿನ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ಒಪ್ಪುವುದಿಲ್ಲ. ಸಾಲ ತೀರದಿದ್ದರೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಅದಕ್ಕೆ. ಆಗ ಮನೆ ಕೇಳುತ್ತಾರೆ, ಸೈಟು ಕೇಳುತ್ತಾರೆ. ಅದೂ ಇಲ್ಲದಿದ್ದರೆ ಜನ ಜಾಸ್ತಿ ಬಡ್ಡಿಯ ಖಾಸಗಿ ಸಾಲಕ್ಕೆ ಹೋಗುತ್ತಾರೆ, ಇಲ್ಲವೇ ತೋಟವನ್ನೇ ಮಾರುತ್ತಾರೆ. ಅಪ್ಪ "ಅಡ ಇಡ್ತೀನಿ" ಅನ್ನುವಾಗ ಅವರ ಮನಸ್ಸಿನಲ್ಲಿ ಇರುವುದು ಬೇರೆ, ಬ್ಯಾಂಕಿನ ಮೇಜಿನ ಮೇಲೆ ಆಗುವುದು ಬೇರೆ.

ಕನ್ಸಲ್ಟೆನ್ಸಿಯವರು ಹೇಳದ ಒಂದು ಸಂಗತಿ ಇದೆ. ಅಮೆರಿಕದಲ್ಲಿ ಬಿಇ ಆದವರು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಎಂಜಿನಿಯರಿಂಗ್ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸು ಮನ್ನಾ, ಜೊತೆಗೆ ಖರ್ಚಿಗೆ ಸಂಬಳದಂಥ ಹಣ. ಸಾಲ ಬೇಕಿಲ್ಲ. ಸ್ಪರ್ಧೆ ಜಾಸ್ತಿ, ಅದರಲ್ಲೂ 2025ರಲ್ಲಿ ಅಲ್ಲಿಯ ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದಮೇಲೆ ಹಲವು ವಿಶ್ವವಿದ್ಯಾಲಯಗಳು ಸೀಟು ಕಡಿಮೆ ಮಾಡಿದವು. ಇಲ್ಲಿ ಒಂದು ಎಂಟೆಕ್ ರಿಸರ್ಚ್ ಮಾಡಿ, ಒಂದು ಒಳ್ಳೆಯ ಲೇಖನ ಬರೆದು ಆಮೇಲೆ ಅರ್ಜಿ ಹಾಕಿದರೆ ನಿಮ್ಮ ಕೈ ಎಷ್ಟೋ ಬಲವಾಗಿರುತ್ತದೆ. ಎಷ್ಟೋ ಕನ್ಸಲ್ಟೆನ್ಸಿಗಳಿಗೆ ಎಂಎಸ್‌ಗೆ ಒಬ್ಬರನ್ನು ಸೇರಿಸಿದರೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ, ಹೀಗೆ ಫೀಸಿಲ್ಲದ ಪಿಎಚ್‌ಡಿಯಿಂದ ಬರುವುದಿಲ್ಲ. ಅವರು ಕೆಟ್ಟವರು ಅಂತಲ್ಲ. ಅವರ ಸಲಹೆ ಎಲ್ಲಿಂದ ಬರುತ್ತಿದೆ ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ.

ಹೊರದೇಶವೇ ಬೇಕು ಅಂದರೆ ಜರ್ಮನಿಯನ್ನೂ ನೋಡಿ. ಅಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್‌ಗೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ನಮ್ಮಂಥ ಹೊರಗಿನವರಿಗೆ ಶುಲ್ಕ ಹಾಕುತ್ತದೆ. ವೀಸಾಕ್ಕೆ ಒಂದು ವರ್ಷದ ಖರ್ಚು, 2024ರ ಲೆಕ್ಕದಲ್ಲಿ 11,904 ಯೂರೋ, ಬ್ಯಾಂಕಿನಲ್ಲಿ ತೋರಿಸಬೇಕು. ಸಾಲ ಮಾಡಿದರೂ 40 ಲಕ್ಷದ ಹತ್ತಿರ ಹೋಗುವುದಿಲ್ಲ. ಆದರೆ ಕೆಲಸಕ್ಕೆ ಜರ್ಮನ್ ಭಾಷೆ ಬೇಕೇ ಬೇಕು. ಆರು ತಿಂಗಳಲ್ಲಿ ಬರುವ ಭಾಷೆ ಅಲ್ಲ ಅದು.

ಐಟಿ ಕೆಲಸದ ಬಗ್ಗೆ ನೀವು ಜಾಸ್ತಿ ಬರೆದಿಲ್ಲ, ನಾನೂ ಜಾಸ್ತಿ ಹೇಳುವುದಿಲ್ಲ. ಗೇಟ್ ಸ್ಕೋರ್ ಮೂರು ವರ್ಷ ಬಾಳುತ್ತದೆ. ಮನೆಯಲ್ಲಿ ಈಗಲೇ ದುಡ್ಡಿನ ತುರ್ತು ಇದ್ದರೆ ಒಂದು ವರ್ಷ ದುಡಿದು ಆಮೇಲೆ ಇದೇ ಸ್ಕೋರಿನಲ್ಲಿ ಅರ್ಜಿ ಹಾಕಬಹುದು. ಬಾಂಡ್ ಇದೆಯಾ ಅಂತ ಮಾತ್ರ ಮೊದಲು ನೋಡಿ. ಒಂದು ವರ್ಷ ಅಂತ ಹೋದವರಲ್ಲಿ ವಾಪಸ್ ಬಂದವರು ನಾನು ಕಂಡಂತೆ ಕಡಿಮೆ. ಅದಕ್ಕಿಂತ ನನಗೆ ಸರಿ ಕಾಣುವುದು ಐಐಎಸ್‌ಸಿ, ಎನ್‌ಎಎಲ್, ಸಿಎಫ್‌ಟಿಆರ್‌ಐನಂಥ ಕಡೆ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ಆರು ತಿಂಗಳೋ ಒಂದು ವರ್ಷವೋ ಕೆಲಸ ಮಾಡುವುದು. ಸಂಬಳವೂ ಬರುತ್ತದೆ. ಸಂಶೋಧನೆ ನಿಮಗೆ ಒಗ್ಗುತ್ತದಾ ಅಂತ ಗೊತ್ತಾಗುತ್ತದೆ. ಗೈಡ್‌ಗಳ ಪರಿಚಯವೂ ಆಗುತ್ತದೆ. ಅವರ ಜಾಲತಾಣಗಳಲ್ಲಿ ಆಗಾಗ ಪ್ರಕಟಣೆ ಬರುತ್ತಿರುತ್ತದೆ.

ಅಜ್ಜಿಯ ಮಾತು. ಅವರನ್ನು ತಳ್ಳಿಹಾಕಬೇಡಿ, ಅವರ ಚಿಂತೆ ನಿಜವಾದದ್ದು. ಆದರೆ ಪಿಎಚ್‌ಡಿ ಅಂದರೆ ಅವರ ಕಣ್ಣಿಗೆ ಇನ್ನೂ ಶಾಲೆ. ತಿಂಗಳಿಗೆ 37,000 ಬರುವ ಕೆಲಸ ಅಂತ ಹೇಳಿ ನೋಡಿ, ಮಾತಿನ ಧಾಟಿ ಬದಲಾಗುತ್ತದೆ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೆ 240 ದಿನದವರೆಗೆ ಹೆರಿಗೆ ಮತ್ತು ಮಕ್ಕಳ ಪಾಲನೆ ರಜೆ ಇದೆ, ಮುಗಿಸುವ ಅವಧಿಯಲ್ಲೂ ಎರಡು ವರ್ಷದ ರಿಯಾಯಿತಿ ಇದೆ. ನನ್ನ ವಿದ್ಯಾರ್ಥಿನಿಯೊಬ್ಬರು ಮೂರನೇ ವರ್ಷದಲ್ಲಿ ಮದುವೆಯಾಗಿ, ನಾಲ್ಕನೇ ವರ್ಷ ಮಗು ಆಗಿ, ಆರೂವರೆ ವರ್ಷಕ್ಕೆ ಮುಗಿಸಿದರು. ಸುಲಭ ಇರಲಿಲ್ಲ. ಅವರ ಅತ್ತೆ ಮಗು ನೋಡಿಕೊಂಡರು, ಅದರಿಂದ ಆಯಿತು. ಎಲ್ಲರ ಮನೆ ಹಾಗಿರುವುದಿಲ್ಲ. ಎಂಟೆಕ್ ರಿಸರ್ಚ್‌ನಿಂದ ಶುರು ಮಾಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಮನೆಯವರ ಹತ್ತಿರ ಎರಡು, ಮೂರು ವರ್ಷ ಅಂತ ಕೇಳುವುದು ಆರು ವರ್ಷ ಅಂತ ಕೇಳುವುದಕ್ಕಿಂತ ಸುಲಭ ಅಲ್ವಾ? ಮುಂದಿನದನ್ನು ಆಗ ನೀವೇ ನಿಮ್ಮ ಕೈಯಾರೆ ತೀರ್ಮಾನಿಸುತ್ತೀರಿ.

ಹಾಗಾದರೆ ನಾನು ನಿಮ್ಮ ಜಾಗದಲ್ಲಿದ್ದರೆ? ಎಂಟೆಕ್ ರಿಸರ್ಚ್‌ಗೆ ಮೊದಲ ಆದ್ಯತೆ ಕೊಟ್ಟು, ಜೊತೆಗೆ ಸಾಮಾನ್ಯ ಎಂಟೆಕ್‌ಗೂ ಅರ್ಜಿ ಹಾಕುತ್ತಿದ್ದೆ. ತುಂಬ ಒಪ್ಪುವ ಗೈಡ್ ಸಿಕ್ಕರೆ ಮಾತ್ರ ನೇರ ಪಿಎಚ್‌ಡಿ. 40 ಲಕ್ಷದ ಎಂಎಸ್ ಖಂಡಿತ ಬೇಡ. 640 ಸ್ಕೋರಿಗೆ ಹೆಸರಾಂತ ಹಳೆಯ ಐಐಟಿಗಳ ಸಾಮಾನ್ಯ ಎಂಟೆಕ್ ಕಷ್ಟ ಆಗಬಹುದು, ಅಲ್ಲಿ ಸ್ಕೋರೇ ಬಹುತೇಕ ತೀರ್ಮಾನಿಸುತ್ತದೆ. ಸಂಶೋಧನಾ ಕೋರ್ಸುಗಳಲ್ಲಿ ಸ್ಕೋರ್ ಬಾಗಿಲು ತೆರೆಸುತ್ತದೆ. ಒಳಗೆ ಹೋದಮೇಲೆ ಸಂದರ್ಶನವೇ ಮುಖ್ಯ. ನಿಮ್ಮಂಥವರಿಗೆ ಅದು ಅನುಕೂಲ.

ದಿನಗಳು ಕಡಿಮೆ ಇವೆ. ಐಐಎಸ್‌ಸಿ ಅರ್ಜಿ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ, ಇವತ್ತೇ ನೋಡಿ. ಐಐಟಿಗಳ ಸಂಶೋಧನಾ ಅರ್ಜಿ ಮಾರ್ಚ್, ಏಪ್ರಿಲ್‌ನಲ್ಲಿ. ಇದಕ್ಕೆ ಪ್ರತಿ ಐಐಟಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಈ ಸಲ ತಪ್ಪಿದರೆ ಹಲವು ಕಡೆ ವರ್ಷದ ಕೊನೆಗೆ ಇನ್ನೊಂದು ಸುತ್ತು ಇರುತ್ತದೆ. ಸುರತ್ಕಲ್ ಎನ್‌ಐಟಿ ಮತ್ತು ಉಳಿದ ಎನ್‌ಐಟಿಗಳ ಎಂಟೆಕ್‌ಗೆ ಸಿಸಿಎಂಟಿ ಅನ್ನುವ ಒಟ್ಟು ಕೌನ್ಸೆಲಿಂಗ್ ಇದೆ. ಐಐಟಿ ಎಂಟೆಕ್‌ನ ಆಫರ್‌ಗಳು ಬರುವುದು ಕೋಆಪ್ ಪೋರ್ಟಲ್‌ನಲ್ಲಿ. ಅಲ್ಲಿ 'ಆಕ್ಸೆಪ್ಟ್ ಅಂಡ್ ಫ್ರೀಜ್' ಒತ್ತಿದರೆ ಮುಂದಿನ ಸುತ್ತಿನ ಆಫರ್ ಬರುವುದಿಲ್ಲ. ಸಂಶೋಧನಾ ಸಂದರ್ಶನದ ಫಲಿತಾಂಶ ಬಾಕಿ ಇದ್ದರೆ ಸಿಕ್ಕ ಆಫರ್ ಕೈಯಲ್ಲಿಟ್ಟುಕೊಂಡು ಕಾಯುವ 'ರಿಟೈನ್ ಅಂಡ್ ವೇಟ್' ಒತ್ತಿ. ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿ ಕೈಕೈ ಹಿಸುಕಿಕೊಂಡವರು ಪ್ರತಿ ವರ್ಷ ಸಿಗುತ್ತಾರೆ.

ಸಂದರ್ಶನಕ್ಕೆ ಎರಡು ವಿಷಯ ಸಾಕು, ಆದರೆ ಆಳವಾಗಿ. ನಿಮಗೆ ಹೀಟ್ ಟ್ರಾನ್ಸ್‌ಫರ್ ಮತ್ತು ಥರ್ಮೋಡೈನಮಿಕ್ಸ್. ಸೂತ್ರ ಬಾಯಿಪಾಠ ಮಾಡಬೇಡಿ. ಗಾಳಿ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಯಾಕೆ ಕಡಿಮೆಯಾಗುತ್ತದೆ, ಅಡಿಕೆಯೊಳಗೆ ಹೊತ್ತು ಹೊತ್ತಿಗೆ ಉಷ್ಣತೆ ಹೇಗೆ ಬದಲಾಗುತ್ತದೆ ಅಂತ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಲು ಬರಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ನಮಗೆ ಅದರಿಂದ ಬೇಜಾರಾಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಇಂಗ್ಲಿಷ್ ತಡವರಿಸುತ್ತದೆ ಅಂತ ಹೆದರಬೇಡಿ. ನಿಧಾನಕ್ಕೆ ಹೇಳಿ, ಕೇಳುವವರು ಕಾಯುತ್ತಾರೆ.

ಹೋಗುವಾಗ ಮನೆಯಿಂದ ಎರಡು ಅಡಿಕೆ ತೆಗೆದುಕೊಂಡು ಹೋಗಿ. ಒಂದು ನಿಮ್ಮ ಯಂತ್ರದಲ್ಲಿ ಜಾಸ್ತಿ ಬಿಸಿಗೆ ಒಣಗಿದ್ದು, ಇನ್ನೊಂದು ಅಂಗಳದ ಬಿಸಿಲಿನಲ್ಲಿ ನಿಧಾನಕ್ಕೆ ಒಣಗಿದ್ದು. ಎರಡನ್ನೂ ಮಧ್ಯಕ್ಕೆ ಸೀಳಿ ಇಟ್ಟುಕೊಳ್ಳಿ. ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ ಅಂದಾಗ ಅವನ್ನು ಮೇಜಿನ ಮೇಲಿಟ್ಟು ಅಲ್ಲಿಂದ ಶುರು ಮಾಡಿ.